ಹೊಸ ಹೈಸ್ಕೂಲುಗಳೂ ನಮ್ಮ ಹೊಣೆಯೂ

ಒಂದು ಊರಿನಲ್ಲಿ ಹೊಸದಾಗಿ ಹೈಸ್ಕೂಲೊಂದು ತೆರೆಯಿತೆಂದರೆ ಆ ಊರವರಿಗೆ ಅದು ಹಬ್ಬವೇ ಸರಿ. ತೋರಣ ಕಟ್ಟುವರು, ಮಂತ್ರಿಗಳನ್ನೋ ಶಾಸಕರನ್ನೋ ಬರಮಾಡಿಕೊಳ್ಳುವರು, ದೀಪ ಬೆಳಗುವರು, ಭಾಷಣಗಳಾಗುವುವು, ಮರುದಿನ ಪತ್ರಿಕೆಗಳಲ್ಲಿ ಚಿತ್ರಗಳೂ ಬರುವುವು. ಆದರೆ ಮೂರನೆಯ ತಿಂಗಳಲ್ಲಿ ಎಷ್ಟು ಮಂದಿ ಮಕ್ಕಳು ಉಳಿದರು, ಗಣಿತದ ಉಪಾಧ್ಯಾಯರು ಬಂದರೇ ಇಲ್ಲವೇ, ಆಷಾಢದ ಮಳೆಗೆ ಮಾಡು ಸೋರಿತೇ ಎಂದು ವಿಚಾರಿಸುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ವಿದ್ಯಾಶಾಲೆಯ ನಿಜವಾದ ಪ್ರಾರಂಭೋತ್ಸವವು ಆ ಮೂರನೆಯ ತಿಂಗಳಲ್ಲಿಯೇ ನಡೆಯತಕ್ಕದ್ದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದು ಮಕ್ಕಳ ವಿಷಯದಲ್ಲಿ ಹೇಳುವ ಮಾತು. ಮಕ್ಕಳನ್ನು ತಿದ್ದುವ ಶಾಲೆಗೂ ಅದು ಸಲ್ಲುವುದೆಂಬುದನ್ನು ನಾವು ಮರೆತಿರುವೆವು. ಮೊದಲ ಎರಡು ಮೂರು ವರ್ಷಗಳಲ್ಲಿ ಶಾಲೆಯು ಹಿಡಿದ ಹಾದಿಯನ್ನು ಮುಂದೆ ಐವತ್ತು ವರ್ಷ ಬಿಡಿಸುವುದು ಕಷ್ಟ. ಬಾಗಿಲು ಯಾರಿಗೆ ತೆರೆದಿದೆ? ಖರ್ಚನ್ನು ಹೊರುವವರು ಯಾರು? ಒಳಗೆ ನಡೆಯುವ ಮಾತು ಯಾವುದು? ಈ ಮೂರು ಪ್ರಶ್ನೆಗಳಿಗೆ ಪ್ರಾರಂಭದ ದಿನಗಳಲ್ಲಿ ದೊರೆತ ಉತ್ತರವೇ ಆ ಶಾಲೆಯ ಜಾತಕವೆನ್ನಬೇಕು. ನಮ್ಮ ಕರಾವಳಿಯ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ.

1891ನೆಯ ಇಸವಿಯಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಸ್ಥಾಪಿತವಾಯಿತು. ಸ್ಥಾಪಕರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. ಆ ಕಾಲಕ್ಕೆ ಮಂಗಳೂರಿನಲ್ಲಿ ವಿದ್ಯೆಗೆ ತೀರ ಅಭಾವವಿತ್ತೆಂದು ಹೇಳಲಾಗದು. ಬಾಸೆಲ್ ಮಿಷನ್ನಿನವರ ಶಾಲೆಯಿತ್ತು, ಸರಕಾರದ ಕಾಲೇಜಿತ್ತು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜೂ ತೆರೆದಿತ್ತು. ಆದರೂ ಊರಿನ ಜನರೇ ನಿಂತು, ಊರಿನ ಹಣದಿಂದಲೇ ನಡೆಸುವ ಹೈಸ್ಕೂಲೊಂದು ಬೇಕೆಂಬ ಹಟ ಆ ವಕೀಲರಲ್ಲಿ ಹುಟ್ಟಿತು. ಮೂರು ವರ್ಷ ತುಂಬುವಷ್ಟರಲ್ಲಿ, 1894ರಲ್ಲಿ, ಹೆಣ್ಣುಮಕ್ಕಳಿಗಾಗಿಯೇ ಇನ್ನೊಂದು ಶಾಲೆಯನ್ನು ಅವರು ತೆರೆದರು. ಹೆಣ್ಣಿಗೆ ಅಕ್ಷರವೇಕೆಂದು ಬೀದಿಯಲ್ಲಿ ನಿಂತು ಕೇಳುತ್ತಿದ್ದ ಕಾಲವದು. ಮುಂದೆ 1906ರಲ್ಲಿ ಅದೇ ಮಹನೀಯರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಇಂದಿನ ಕೆನರಾ ಬ್ಯಾಂಕು ಅದರ ಬೆಳೆ. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಕ್ರಮವನ್ನು ವಾಚಕ ಮಹಾಶಯರು ಗಮನಿಸಬೇಕೆಂದು ನಮ್ಮ ವಿನಂತಿ.

ಆದರೆ ಅದೇ ಮಂಗಳೂರಿನಲ್ಲಿ, ಮರುವರ್ಷವೇ, ಮತ್ತೊಬ್ಬ ವಕೀಲರು ಬೇರೊಂದು ಶಾಲೆಯನ್ನು ತೆರೆಯಬೇಕಾಗಿ ಬಂದುದನ್ನು ಮರೆಯುವಂತಿಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಪಾಠಶಾಲೆಯನ್ನು ಪ್ರಾರಂಭಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ಸ್ವಜನರಿಂದ ಬಹಿಷ್ಕಾರವನ್ನೂ ಅನುಭವಿಸಿದರು. ಉಳಿದ ಶಾಲೆಗಳ ಬಾಗಿಲು ಆ ಮಕ್ಕಳಿಗೆ ತೆರೆದಿದ್ದರೆ ರಂಗರಾಯರ ಶಾಲೆಯ ಅಗತ್ಯವೇ ಇರುತ್ತಿರಲಿಲ್ಲವಷ್ಟೆ? ಒಂದು ಊರಿನಲ್ಲಿ ಶಾಲೆಯಿದೆ ಎಂಬುದು ಬೇರೆ. ಆ ಶಾಲೆ ಊರಿನದಾಗಿದೆ ಎಂಬುದು ಬೇರೆ. ಈ ಭೇದವನ್ನು 1891 ಮತ್ತು 1892 ಎಂಬ ಎರಡು ಇಸವಿಗಳು ಅಕ್ಕಪಕ್ಕದಲ್ಲಿ ನಿಂತು ನಮಗೆ ಬೋಧಿಸುತ್ತಲಿವೆ.

ತರುವಾಯದ ದಿನಗಳಲ್ಲಿ ದಕ್ಷಿಣ ಕನ್ನಡದ ತಾಲೂಕು ಕೇಂದ್ರಗಳಲ್ಲಿ ಬೋರ್ಡು ಹೈಸ್ಕೂಲುಗಳು ತಲೆಯೆತ್ತಿದುವು. ಮದರಾಸು ಸರಕಾರದ ಕೈಕೆಳಗಿದ್ದರೂ ಜಿಲ್ಲಾಬೋರ್ಡೆಂಬುದು ಕಣ್ಣೆದುರಿಗಿದ್ದ ಸಂಸ್ಥೆ. ಅದರ ಸದಸ್ಯರ ಮನೆಯ ಜಗಲಿಯಲ್ಲಿ ಕುಳಿತು ರೈತನು ಜಗಳವಾಡಬಹುದಾಗಿತ್ತು. ಪುತ್ತೂರಿನಲ್ಲಿ ಸಹಕಾರ ಚಳವಳಿಯ ಹಿರಿಯರಾಗಿದ್ದ ವಕೀಲ ಮೊಳಹಳ್ಳಿ ಶಿವರಾಯರು ಸಹಕಾರಿ ಬ್ಯಾಂಕಿಗಾಗಿ ದುಡಿದಂತೆಯೇ ಹೈಸ್ಕೂಲಿಗಾಗಿಯೂ ದುಡಿದರು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ; ಇಂತಹ ಕಟ್ಟಡಗಳು ಇಂದಿಗೂ ಹಲವೆಡೆ ನಿಂತಿವೆ. ಪೇಟೆಯಲ್ಲಿ ನೆಂಟರಿಷ್ಟರಿಲ್ಲದ ಬಡ ಹುಡುಗರು ವಾರಾನ್ನ ಹಿಡಿದು ಓದಿದರು. ಆ ವಾರಾನ್ನವೂ ಎಲ್ಲ ಜಾತಿಯ ಹುಡುಗರಿಗೆ ದೊರೆಯುತ್ತಿರಲಿಲ್ಲ ಎಂಬುದನ್ನು ಸೇರಿಸಿಯೇ ಹೇಳಬೇಕು. ಊಟ ಸಿಗದವನು ಊರಿಗೆ ಮರಳಿದನು. ಅವನ ಹೆಸರು ಯಾವ ಶಾಲೆಯ ಶತಮಾನೋತ್ಸವದ ಸಂಚಿಕೆಯಲ್ಲಿಯೂ ಇಲ್ಲ.

ಇನ್ನು ಉಡುಪಿಯ ಮಾತು. ಮಣಿಪಾಲವು ಬರಿಯ ಮುರಕಲ್ಲಿನ ಬೋಳುಗುಡ್ಡವಾಗಿದ್ದ ಕಾಲದಲ್ಲಿ, 1942ರಲ್ಲಿ, ಡಾಕ್ಟರ್ ಟಿ. ಎಂ. ಎ. ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಮೊದಲೇ, 1925ರಲ್ಲಿ, ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ ಸೇರಿ ಅವರು ಸ್ಥಾಪಿಸಿದ ಬ್ಯಾಂಕು, 1928ರಿಂದ ಮನೆಮನೆಗೆ ಜನರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿಯನ್ನು ಸಂಗ್ರಹಿಸುತ್ತಿತ್ತು. ಹನಿಗೂಡಿದರೆ ಹಳ್ಳವೆಂಬುದನ್ನು ಅವರು ಲೆಕ್ಕದ ಪುಸ್ತಕದಲ್ಲಿ ತೋರಿಸಿಕೊಟ್ಟವರು. ಗಾಂಧೀಜಿಯವರ ನಿಧನದ ಮರುವರ್ಷ, 1949ರಲ್ಲಿ, ಅವರ ಸ್ಮಾರಕವಾಗಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ತೆರೆಯಿತು. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು ಹುಟ್ಟಿದುವು. ಅದಕ್ಕೆ ಹಿಂದೆ ಉಡುಪಿಯ ಹುಡುಗನು ಹೈಸ್ಕೂಲು ಮುಗಿಸಿ ಮುಂದೆ ಓದಬೇಕೆಂದರೆ ಮಂಗಳೂರಿಗೆ ಹೋಗಬೇಕಿತ್ತು. ಸೇತುವೆಗಳಾಗುವ ಮೊದಲು ಆ ದಾರಿಯೆಂದರೆ ಕಡವುಗಳ ದಾರಿ, ಮಳೆಗಾಲದಲ್ಲಿ ದೋಣಿಗಾಗಿ ಕಾದು ಕುಳಿತುಕೊಳ್ಳುವ ದಾರಿ. ಮನೆಯವರು ಮಗನನ್ನು ಕಳುಹಿಸಿದರೂ ಮಗಳನ್ನು ಕಳುಹಿಸುವರೇ? ಆದುದರಿಂದ ಊರಿನಲ್ಲಿಯೇ ಶಾಲೆ ಇರುವುದು ಎಂದರೆ ಹೆಣ್ಣುಮಕ್ಕಳಿಗೆ ವಿದ್ಯೆ ಇರುವುದು ಎಂದೇ ಅರ್ಥ.

ಆ ಮಣಿಪಾಲವು ಇಂದು ದೇಶವಿದೇಶಗಳ ವಿದ್ಯಾರ್ಥಿಗಳು ಬರುವ ಪಟ್ಟಣ. ಇದು ನಮಗೆಲ್ಲರಿಗೂ ಹೆಮ್ಮೆಯ ವಿಷಯವೇ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಬಳಿಕ ಜಿಲ್ಲಾಧಿಕಾರಿಗಳ ಕಚೇರಿಯೂ ಅಲ್ಲಿಯೇ ನೆಲೆಗೊಂಡಿದೆ. ಆದರೆ ಒಂದೇ ಗುಡ್ಡದ ಮೇಲೆ ಎರಡು ಬಗೆಯ ಜನ ಏರಿಬರುವುದನ್ನು ನಾವು ನೋಡುತ್ತಿರುವೆವು. ದೂರದ ರಾಜ್ಯಗಳಿಂದ ಬಂದು ಫೀಸು ಕಟ್ಟಿ ಓದುವವರು ಒಂದು ಬಗೆ. ನಮ್ಮ ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರರನ್ನು ಕೊಡಿಸಿರೆಂದು ಮನವಿ ಹಿಡಿದು ಬರುವವರು ಇನ್ನೊಂದು ಬಗೆ. ಮೊದಲಿನವರಿಗೆ ಸ್ವಾಗತವಿರಲಿ. ಎರಡನೆಯವರು ಬರಿಗೈಯಲ್ಲಿ ಇಳಿದು ಹೋಗಬಾರದೆಂಬುದಷ್ಟೇ ನಮ್ಮ ವಾದ.

ವಕೀಲಿ ವೃತ್ತಿಯಲ್ಲಿರುವ ನಮಗೆ ಕಕ್ಷಿಗಾರರಿಂದಲೇ ಪಾಠವಾಗುವ ದಿನಗಳುಂಟು. ಗಡಿತಕರಾರಿನ ಕಾಗದ ಹಿಡಿದು ಬಂದ ಕೃಷಿಕರೊಬ್ಬರು ಕೆಲಸ ಮುಗಿದ ಮೇಲೆಯೂ ಏಳದೆ ಕುಳಿತರು. ಮಗಳು ಎಂಟನೆಯ ತರಗತಿ ಮುಗಿಸಿದ್ದಾಳೆ, ಊರಿನ ಶಾಲೆಯಲ್ಲಿ ಅಷ್ಟೇ ಇರುವುದು, ಹೈಸ್ಕೂಲು ದೂರ, ಸಂಜೆಯ ಬಸ್ಸಿಗೆ ನಂಬಿಕೆಯಿಲ್ಲ ಎಂದರು. “ಅವಳಿಗೆ ಒಂಬತ್ತನೇ ಕ್ಲಾಸು ಕೊಡಲೇಬೇಕು ಅಂತ ಕಾನೂನಿನಲ್ಲಿ ಉಂಟಾ, ವಕೀಲರೇ?” ಎಂದು ಕೇಳಿದರು. ಇಲ್ಲವೆಂದು ಹೇಳಬೇಕಾಯಿತು. ಗಡಿಯ ವ್ಯಾಜ್ಯದಲ್ಲಿ ಅವರಿಗೆ ಧೈರ್ಯ ಹೇಳಲು ನಮ್ಮಲ್ಲಿ ಹತ್ತು ಮಾತುಗಳಿದ್ದುವು. ಮಗಳ ವಿಷಯದಲ್ಲಿ ಒಂದೂ ಇರಲಿಲ್ಲ.

ಕಾನೂನು ಏನೆನ್ನುವುದೆಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಯುಕ್ತ. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 21ಎ ವಿಧಿಯು ಸೇರಿತು. ಅದರಂತೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣವು ಮೂಲಭೂತ ಹಕ್ಕು. 2009ರ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದು ಒಂದರಿಂದ ಎಂಟನೆಯ ತರಗತಿಯವರೆಗಿನ ಕಾಯಿದೆ. ಕರ್ನಾಟಕದಲ್ಲಿ ಹೈಸ್ಕೂಲೆಂದರೆ ಎಂಟು, ಒಂಬತ್ತು, ಹತ್ತು. ಎಂದರೆ ಹಕ್ಕೆಂಬುದು ಮಗುವನ್ನು ಕೈಹಿಡಿದು ತಂದು ಹೈಸ್ಕೂಲಿನ ಹೊಸ್ತಿಲು ದಾಟಿಸಿ, ಜಗಲಿಯಲ್ಲಿ ಕೂರಿಸಿ ತಾನು ಹಿಂದಿರುಗುವುದು! ಇನ್ನೊಂದೆಡೆ ಬಾಲಕಾರ್ಮಿಕ ಕಾಯಿದೆಯು 2016ರ ತಿದ್ದುಪಡಿಯ ಬಳಿಕವೂ ಹದಿನಾಲ್ಕು ತುಂಬಿದವರನ್ನು ಅಪಾಯಕರವೆನಿಸಿದ ಉದ್ಯೋಗಗಳಿಂದ ಮಾತ್ರ ತಡೆಯುವುದು. ಉಳಿದ ದುಡಿಮೆಗೆ ಅಡ್ಡಿಯಿಲ್ಲ. ಶಾಲೆಯ ಹಕ್ಕು ಮುಗಿಯುವ ವಯಸ್ಸೂ ದುಡಿಮೆಯ ಬಾಗಿಲು ತೆರೆಯುವ ವಯಸ್ಸೂ ಒಂದೇ ಆಗಿರುವಾಗ, ಬಡವನ ಮಗು ಯಾವ ಕಡೆಗೆ ಕಾಲಿಡುವುದೆಂದು ಬೇರೆ ಹೇಳಬೇಕೇ?

ಇದೇ ಮಣಿಪಾಲದ ಹಿರಿಯರ ಹೆಸರು ಭಾರತದ ನ್ಯಾಯಶಾಸ್ತ್ರದಲ್ಲಿಯೂ ಅಚ್ಚಾಗಿದೆ. ಟಿ. ಎಂ. ಎ. ಪೈ ಪ್ರತಿಷ್ಠಾನವು ಕರ್ನಾಟಕ ಸರಕಾರದ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ, 2002ರ ಅಕ್ಟೋಬರ್ 31ರಂದು, ಹನ್ನೊಂದು ನ್ಯಾಯಾಧೀಶರ ಪೀಠವು ತೀರ್ಪಿತ್ತಿತು. ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವುದು ಪ್ರಜೆಗಳ ಹಕ್ಕೆಂದೂ, ಆದರೆ ವಿದ್ಯೆಯನ್ನು ಲಾಭಕೋರತನದ ಸರಕಾಗಿ ಮಾಡಕೂಡದೆಂದೂ ಅದರ ತಾತ್ಪರ್ಯ. ತೀರ್ಪು ಸರಿಯೇ ಇರಬಹುದು. ಆದರೆ ಶಾಲೆ ತೆರೆಯುವವನ ಹಕ್ಕನ್ನು ನಿರ್ಣಯಿಸಲು ಹನ್ನೊಂದು ಮಂದಿ ನ್ಯಾಯಮೂರ್ತಿಗಳು ಕುಳಿತ ದೇಶದಲ್ಲಿ, ಒಂಬತ್ತನೆಯ ತರಗತಿಗೆ ಸೇರಬೇಕಾದ ಮಗುವಿನ ಹಕ್ಕನ್ನು ಒಂದು ಸಾಲಿನಲ್ಲಿ ಬರೆದುಕೊಡಲು ಇನ್ನೂ ಯಾರಿಗೂ ಬಿಡುವಾಗಿಲ್ಲವೆಂಬುದು ಶೋಚನೀಯ.

ನಮ್ಮ ಜಿಲ್ಲೆಯಲ್ಲಿ ಅಂತಹ ಕೊರತೆಯೇನಿದೆ, ಎಸ್.ಎಸ್.ಎಲ್.ಸಿ.ಯಲ್ಲಿ ನಾವೇ ಮುಂದಿದ್ದೇವಲ್ಲ ಎಂದು ಕೆಲವರು ಹೇಳಬಹುದು. ನಿಜ. 2024ರಲ್ಲಿ ಶೇಕಡಾ 94ರಷ್ಟು ಮಂದಿ ತೇರ್ಗಡೆಯಾಗಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲನೆಯದಾಯಿತು. 2025ರಲ್ಲಿ ದಕ್ಷಿಣ ಕನ್ನಡ ಮೊದಲನೆಯದು, ಉಡುಪಿ ಎರಡನೆಯದು. ಇದರಲ್ಲಿ ಉಪಾಧ್ಯಾಯರ ಶ್ರಮವಿದೆ, ಅವರನ್ನು ಅಭಿನಂದಿಸೋಣ. ಆದರೆ ಶೇಕಡಾವಾರು ಎಂಬುದು ಪರೀಕ್ಷೆಗೆ ಕುಳಿತವರ ಲೆಕ್ಕ. ಎಂಟರಲ್ಲೋ ಒಂಬತ್ತರಲ್ಲೋ ಪುಸ್ತಕವನ್ನು ಅಟ್ಟಕ್ಕೆ ಹಾಕಿದವರು ಆ ಭಾಜಕದಲ್ಲಿ ಸೇರಿಲ್ಲ. ಅಷ್ಟೇ ಅಲ್ಲ, ಫಲಿತಾಂಶದ ಭಯದಿಂದ ಹಿಂದುಳಿದ ಮಗುವನ್ನು ಸೇರಿಸಿಕೊಳ್ಳಲು ಹಿಂಜರಿಯುವ ಪ್ರವೃತ್ತಿ ಹೊಸ ಶಾಲೆಯೊಂದರಲ್ಲಿ ಮೊದಲ ವರ್ಷವೇ ಮೊಳೆತರೆ, ಆ ಶಾಲೆ ಪಟ್ಟಿಯಲ್ಲಿ ಮೇಲೇರಿದಷ್ಟೂ ಊರಿಗೆ ದೂರವಾಗುವುದು.

ಹೊಸ ಸರಕಾರಿ ಹೈಸ್ಕೂಲು ಈಗ ಹೇಗೆ ಹುಟ್ಟುವುದೆಂದು ನೋಡೋಣ. ಬಹುಮಟ್ಟಿಗೆ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಉನ್ನತೀಕರಿಸಿದರೆಂಬ ಆಜ್ಞೆ ಬರುವುದು. 2009ರಲ್ಲಿ ಪ್ರಾರಂಭವಾಗಿ 2018ರಲ್ಲಿ ಸಮಗ್ರ ಶಿಕ್ಷಣದೊಳಗೆ ಲೀನವಾದ ಮಾಧ್ಯಮಿಕ ಶಿಕ್ಷಣ ಅಭಿಯಾನದ ಕಾಲದಲ್ಲಿ ಐದು ಕಿಲೋಮೀಟರಿನೊಳಗೆ ಒಂದು ಹೈಸ್ಕೂಲು ಎಂಬ ಗುರಿಯನ್ನಿರಿಸಿಕೊಂಡು ಹೀಗೆ ಹಲವು ಶಾಲೆಗಳು ಮೇಲೇರಿದುವು. ಆಜ್ಞೆ ಬಂದ ಮೇಲೆ ನಾಮಫಲಕ ಬದಲಾಗುವುದು. ಉಪಾಧ್ಯಾಯರೋ, ಒಬ್ಬರು ನಿಯೋಜನೆಯ ಮೇಲೆ ಬಂದವರು, ಇಬ್ಬರು ಅತಿಥಿ ಶಿಕ್ಷಕರು. ಅತಿಥಿಯು ಎಂದು ಎದ್ದುಹೋಗುವನೋ ಎಂಬ ಚಿಂತೆ ಮುಖ್ಯೋಪಾಧ್ಯಾಯರಿಗೆ ತಪ್ಪಿದ್ದಲ್ಲ. ಪ್ರಯೋಗಶಾಲೆಯೆಂದರೆ ಬೀಗ ಹಾಕಿದ ಒಂದು ಕಪಾಟು. ಇಂತಹ ಮೊದಲ ವರ್ಷವನ್ನು ಕಂಡ ತಂದೆತಾಯಿಯರು ಮರುವರ್ಷ ಹಳದಿ ಬಸ್ಸಿನ ಕಡೆಗೆ ತಿರುಗುವರು. ಮಕ್ಕಳು ಕಡಿಮೆಯಾದರೆಂದು ಹುದ್ದೆ ಕಡಿಮೆಯಾಗುವುದು. ಹುದ್ದೆ ಕಡಿಮೆಯಾಯಿತೆಂದು ಮಕ್ಕಳು ಇನ್ನೂ ಕಡಿಮೆಯಾಗುವರು. ಕೊನೆಗೆ ವಿಲೀನವೆಂಬ ಮಧುರವಾದ ಹೆಸರಿನಲ್ಲಿ ಶಾಲೆಯ ಉತ್ತರಕ್ರಿಯೆ ನಡೆಯುವುದು. ಮಕ್ಕಳಿಲ್ಲದುದರಿಂದ ಶಾಲೆ ಮುಚ್ಚಿತೆಂದು ವರದಿಯಲ್ಲಿ ಬರೆಯುವರು. ಉಪಾಧ್ಯಾಯರಿಲ್ಲದುದರಿಂದ ಮಕ್ಕಳು ಬಿಟ್ಟರೆಂಬ ಮೊದಲ ಸಾಲನ್ನು ಯಾರೂ ಬರೆಯರು.

ಇನ್ನು ಭಾಷೆಯ ಪ್ರಶ್ನೆ. ಹಿಂದಿನ ಹೈಸ್ಕೂಲುಗಳಲ್ಲಿ ಚರಿತ್ರೆಯನ್ನೂ ಗಣಿತವನ್ನೂ ಇಂಗ್ಲಿಷಿನಲ್ಲಿಯೇ ಕಲಿಸುತ್ತಿದ್ದರು. ಕನ್ನಡವೆಂದರೆ ಪಂಡಿತರ ಒಂದು ಗಂಟೆಯ ಪಾಠ. ಆ ಒಂದು ಗಂಟೆಯಲ್ಲಿಯೇ ನಮ್ಮ ಹಿರಿಯರು ಎಷ್ಟು ದುಡಿದರು! ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ಸುತ್ತಿ, ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗೆ ಹಿಡಿಸುವ ಕನ್ನಡ ಪಾಠಗಳನ್ನು ಕಟ್ಟಿಕೊಟ್ಟರು. ಇಂದು ಸ್ಥಿತಿ ತಿರುಗಿ ಹಿಂದಕ್ಕೇ ಸಾಗುತ್ತಿದೆ. ಮಾತೃಭಾಷಾ ಮಾಧ್ಯಮವನ್ನು ಪ್ರಾಥಮಿಕ ತರಗತಿಗಳಲ್ಲಿ ಕಡ್ಡಾಯಗೊಳಿಸಿದ 1994ರ ಸರಕಾರದ ಆಜ್ಞೆಯು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಬಲವಂತದ ದಾರಿ ಮುಚ್ಚಿತು. ಉಳಿದಿರುವುದು ಯೋಗ್ಯತೆಯ ದಾರಿಯೊಂದೇ. ಕನ್ನಡ ಶಾಲೆಯು ಒಳ್ಳೆಯ ಶಾಲೆಯಾಗಿರಬೇಕು.

ಈ ವಿಷಯದಲ್ಲಿ ನಾವು ನಮ್ಮವರೊಡನೆಯೂ ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕಾಗಿದೆ. ನಮ್ಮ ಕರಾವಳಿಯ ಬಹುಮಂದಿ ಮಕ್ಕಳ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಅವರಿಗೆ ಕನ್ನಡವು ಹುಟ್ಟಿನಿಂದ ಬಂದುದಲ್ಲ. ಶಾಲೆಯಿಂದ, ಯಕ್ಷಗಾನದ ರಂಗಸ್ಥಳದಿಂದ, ಪತ್ರಿಕೆಯಿಂದ ಬಂದುದು. ಹೀಗೆ ಒಲಿದು ಬಂದ ಭಾಷೆಯನ್ನು ಆಜ್ಞೆಯಿಂದ ಉಳಿಸಿಕೊಳ್ಳಲಾಗದು. ಇಂಗ್ಲಿಷು ಕಲಿಯಬೇಕೆಂಬ ತಂದೆತಾಯಿಯರ ಆಸೆಯನ್ನು ದ್ರೋಹವೆಂದು ಬೈಯುವುದರಿಂದಲೂ ಫಲವಿಲ್ಲ. ಬೈಯುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಜನರು ಕೇಳಿದರೆ ನಮ್ಮಲ್ಲಿ ಅನೇಕರು ತಲೆತಗ್ಗಿಸಬೇಕಾದೀತು. ಕನ್ನಡದಲ್ಲಿ ವಿಷಯಗಳನ್ನು ತಿಳಿಯುವಂತೆ ಕಲಿಸಿ, ಅದರೊಡನೆ ಇಂಗ್ಲಿಷನ್ನು ಭಾಷೆಯಾಗಿ ಗಟ್ಟಿಯಾಗಿ ಕಲಿಸುವ ಹೈಸ್ಕೂಲೊಂದನ್ನು ಮೊದಲ ವರ್ಷದಿಂದಲೇ ನಡೆಸಿ ತೋರಿಸೋಣ. ಮಕ್ಕಳು ತಾವಾಗಿ ಬರುವರು.

ಗಡಿಯಾಚೆಯ ಕಾಸರಗೋಡನ್ನು ನೆನೆದರೆ ಈ ಮಾತಿನ ತೂಕ ಇನ್ನೂ ಹೆಚ್ಚುವುದು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಆ ತಾಲೂಕು ಮಾತ್ರ ಕೇರಳದ ಪಾಲಾಯಿತು. ಅಲ್ಲಿಯ ಕನ್ನಡಿಗರಿಗೆ ಹೈಸ್ಕೂಲೆಂಬುದು ಬರಿಯ ಪರೀಕ್ಷೆಯ ಮನೆಯಲ್ಲ, ಭಾಷೆಯ ಕೊನೆಯ ಕೋಟೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಉಪಾಧ್ಯಾಯರನ್ನು ನೇಮಿಸಿದರೆಂದು ಈಚಿನ ವರ್ಷಗಳಲ್ಲಿ ಮಕ್ಕಳೂ ಪೋಷಕರೂ ಶಾಲೆಯ ಗೇಟಿನ ಮುಂದೆ ಕುಳಿತು ಪ್ರತಿಭಟಿಸಿದ್ದುಂಟು. ಅವರು ಉಪಾಧ್ಯಾಯರಿಗಾಗಿ ಗೇಟಿನ ಮುಂದೆ ಕುಳಿತಿರುವಾಗ, ನಮ್ಮದೇ ಸರಕಾರದ ಕೆಳಗಿರುವ ನಾವು ಉಪಾಧ್ಯಾಯರಿಲ್ಲದ ಹೈಸ್ಕೂಲುಗಳನ್ನು ನೋಡಿಯೂ ಸುಮ್ಮನಿರುವುದು ಯಾವ ಕನ್ನಡಾಭಿಮಾನ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಉಚಿತ ಶಿಕ್ಷಣದ ಹಕ್ಕನ್ನು ಹತ್ತನೆಯ ತರಗತಿಯವರೆಗೆ ವಿಸ್ತರಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹದಿನೆಂಟು ವರ್ಷದವರೆಗಿನ ಶಿಕ್ಷಣದ ಮಾತನ್ನಾಡುತ್ತದೆ. ನೀತಿಯಲ್ಲಿದ್ದುದು ಕಾಯಿದೆಯಲ್ಲಿಯೂ ಬರಲಿ. ಕೇಂದ್ರವು ತಡಮಾಡಿದರೆ ಕರ್ನಾಟಕದ ವಿಧಾನಸಭೆಯು ಮುಂದಾಗಬಹುದು. ಶಿಕ್ಷಣವು ಸಮವರ್ತಿ ಪಟ್ಟಿಯ ವಿಷಯವಷ್ಟೆ. ಎರಡನೆಯದಾಗಿ, ಹುದ್ದೆಗಳು ಮಂಜೂರಾಗಿ ಉಪಾಧ್ಯಾಯರು ಬಂದು ನಿಲ್ಲುವವರೆಗೆ ಯಾವ ಹೊಸ ಹೈಸ್ಕೂಲಿಗೂ ಉದ್ಘಾಟನೆಯ ತೋರಣ ಕಟ್ಟಬಾರದು. ತೆರೆದ ಮೇಲೆ ಮೊದಲ ಐದು ವರ್ಷ ಮಕ್ಕಳ ಸಂಖ್ಯೆಯ ನೆಪದಲ್ಲಿ ಹುದ್ದೆ ಕೀಳಬಾರದು. ಮೂರನೆಯದಾಗಿ, 1992ರ ಎಪ್ಪತ್ತಮೂರನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳು ಪಂಚಾಯತಿಗಳ ವಿಷಯವೆಂದು ಹೆಸರಿಸಲ್ಪಟ್ಟಿವೆ. ಹಿಂದಿನ ಜಿಲ್ಲಾಬೋರ್ಡಿಗೆ ಪರಕೀಯರ ಆಳ್ವಿಕೆಯಲ್ಲಿದ್ದಷ್ಟಾದರೂ ಅಧಿಕಾರ, ಸ್ವರಾಜ್ಯದ ಜಿಲ್ಲಾ ಪಂಚಾಯತಿಗೆ ಇರಲಿ.

ನಾಲ್ಕನೆಯದು ಸರಕಾರದ ಕೆಲಸವಲ್ಲ, ನಮ್ಮದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶೋತ್ಸವಕ್ಕೆ, ದೈವಗಳ ನೇಮಕ್ಕೆ ನಮ್ಮವರು ಕೊಡುವ ಕೈ ಸಣ್ಣದಲ್ಲ. ಮುಂಬಯಿಯಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ದುಡಿಯುವ ನಮ್ಮ ಮಂದಿ ಊರಿನಿಂದ ಒಂದು ಕರೆ ಹೋದರೆ ಕಳುಹಿಸುವರು. ಆ ಉದಾರತೆಯ ಹತ್ತರಲ್ಲಿ ಒಂದು ಪಾಲು ಊರಿನ ಹೈಸ್ಕೂಲಿನ ಪುಸ್ತಕಭಂಡಾರಕ್ಕೂ ಪ್ರಯೋಗಶಾಲೆಗೂ ಸಂಜೆಯ ಬಸ್ಸಿಗೂ ಸಂದರೆ ಯಾವ ದೈವವೂ ಮುನಿಯಲಾರದು. ಎರಡಾಣೆಯ ಪಿಗ್ಮಿಯಿಂದ ಬ್ಯಾಂಕು ಕಟ್ಟಿದ ಜನರಿಗೆ ಇದು ಅಸಾಧ್ಯವೇ?

1891ರಲ್ಲಿ ಮಂಗಳೂರಿನ ವಕೀಲರೊಬ್ಬರು ಯಾವ ಆಜ್ಞೆಗಾಗಿಯೂ ಕಾಯದೆ ಶಾಲೆ ತೆರೆದರು. 1892ರಲ್ಲಿ ಇನ್ನೊಬ್ಬರು, ಆ ಬಾಗಿಲಿನ ಹೊರಗೆ ನಿಂತವರಿಗಾಗಿ ಇನ್ನೊಂದು ಬಾಗಿಲನ್ನು ತೆರೆದರು. ನಮ್ಮ ಮುಂದಿರುವ ಕೆಲಸ ಅವರದಕ್ಕಿಂತ ಸುಲಭ. ಶಾಲೆಯ ಮನೆಯು ಹೇಗೂ ಇದೆ, ಹೊರಗುಳಿದವರನ್ನು ಒಳಕ್ಕೆ ಕರೆದು ಉಳಿಸಿಕೊಂಡರೆ ಸಾಕು. ಮುಂದಿನ ಜೂನಿನಲ್ಲಿ, ಮಳೆ ಹಿಡಿದು ಶಾಲೆಗಳು ತೆರೆಯುವಾಗ, ಪ್ರತಿಯೊಬ್ಬ ವಾಚಕರೂ ತಮ್ಮ ಊರಿನ ಹೈಸ್ಕೂಲಿಗೆ ಒಮ್ಮೆ ಹೋಗಿ ಗಣಿತದ ಮಾಸ್ತರರು ಬಂದಿದ್ದಾರೆಯೇ ಎಂದು ವಿಚಾರಿಸಲಿ. ಬಂದಿಲ್ಲವೆಂದಾದರೆ ನಾಲ್ಕು ಮಂದಿಯನ್ನು ಕೂಡಿಕೊಂಡು ಮಣಿಪಾಲದ ಗುಡ್ಡ ಹತ್ತಲಿ; ಆ ನಾಲ್ವರಲ್ಲಿ ಒಬ್ಬರಾಗಿ ಬರಲು ನಾವೂ ಸಿದ್ಧರಿರುವೆವು. ಎಂಟನೆಯ ತರಗತಿ ಮುಗಿಸಿದ ಆ ಹುಡುಗಿಗೆ ನಾವು ಕೊಡಬೇಕಾದ ಉತ್ತರವು ಇನ್ನೂ ಬಾಕಿಯಿದೆ.